ಸಂಕಲನದ ಮೇಜಿನ ಮೇಲೆ ಬರೆಯುವವರು: ಓದುಗರ ಪ್ರಶ್ನೆಗಳಿಗೆ ಉತ್ತರ

ಅಂತರರಾಷ್ಟ್ರೀಯ ವಾಹಿನಿಗಳ ಸಾಕ್ಷ್ಯಚಿತ್ರಗಳಿಗೆ ಸಂಕಲನಕಾರರಾಗಿಯೂ ಲೇಖಕರಾಗಿಯೂ ದುಡಿಯುವವರ ವೃತ್ತಿಯನ್ನು ಕುರಿತು ಬಂದ ಪತ್ರಗಳಲ್ಲಿ ಕೆಲವನ್ನು ಈ ಬಾರಿಯ ಅಂಕಣಕ್ಕೆ ಆರಿಸಿಕೊಂಡಿದ್ದೇನೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇನೆ.

ಪ್ರಶ್ನೆ: ಸಾಕ್ಷ್ಯಚಿತ್ರವೆಂದರೆ ನಡೆದದ್ದನ್ನು ನಡೆದ ಹಾಗೆಯೇ ತೋರಿಸುವುದಲ್ಲವೇ? ಹಾಗಿದ್ದ ಮೇಲೆ ಅದಕ್ಕೆ ಲೇಖಕರೇಕೆ ಬೇಕು? ಕೆಲವು ಚಿತ್ರಗಳಲ್ಲಿ ಸಂಕಲನಕಾರರ ಹೆಸರೇ ಲೇಖಕರ ಜಾಗದಲ್ಲೂ ಕಾಣಿಸುತ್ತದೆ. ಇದು ಹೇಗೆ?

ಉತ್ತರ: ಕಥಾಚಿತ್ರದಲ್ಲಿ ಬರವಣಿಗೆ ಮೊದಲು, ಚಿತ್ರೀಕರಣ ಅನಂತರ, ಸಂಕಲನ ಕೊನೆಗೆ. ಸಾಕ್ಷ್ಯಚಿತ್ರದಲ್ಲಿ ಚಿತ್ರೀಕರಣಕ್ಕೆ ಮುನ್ನ ಬರೆಯುವುದು ಬಹುಮಟ್ಟಿಗೆ ಹಣ ಹೂಡುವವರನ್ನು ಒಪ್ಪಿಸುವ ಪ್ರಸ್ತಾವ. ನಿಜವಾದ ಬರವಣಿಗೆ ಆರಂಭವಾಗುವುದು ಚಿತ್ರೀಕರಿಸಿದ ತುಣುಕುಗಳೆಲ್ಲ ಸಂಕಲನದ ಕೊಠಡಿಗೆ ಬಂದು ಬಿದ್ದ ಮೇಲೆ. ಪ್ರಸ್ತಾವದಲ್ಲಿ ಕಥಾನಾಯಕನೆಂದು ಗುರುತಿಸಿದ್ದ ವ್ಯಕ್ತಿ ಕ್ಯಾಮೆರಾದ ಮುಂದೆ ಬಾಯಿಯನ್ನೇ ಬಿಟ್ಟಿರುವುದಿಲ್ಲ, ಯಾರ ಲೆಕ್ಕದಲ್ಲೂ ಇಲ್ಲದಿದ್ದ ಅವನ ತಂಗಿ ಇಡೀ ಸಂಗತಿಯನ್ನು ಹತ್ತೇ ನಿಮಿಷದಲ್ಲಿ ಹೇಳಿ ಮುಗಿಸಿರುತ್ತಾಳೆ. ಆಗ ಯಾರ ಕಣ್ಣಿನಿಂದ ಕಥೆ ಹೇಳಬೇಕು, ಯಾವ ಸಂಗತಿಯನ್ನು ಪ್ರೇಕ್ಷಕರಿಗೆ ಮೊದಲೇ ತಿಳಿಸಬೇಕು, ಯಾವುದನ್ನು ಕೊನೆಯವರೆಗೂ ತಡೆಹಿಡಿಯಬೇಕು ಎಂಬುದನ್ನು ನಿರ್ದೇಶಕರ ಜೊತೆ ಕುಳಿತು ತೀರ್ಮಾನಿಸುವವರು ಸಂಕಲನಕಾರರು. ಇದನ್ನು ಲೇಖಕರ ಕೆಲಸವೆನ್ನದೆ ಬೇರೇನೆಂದು ಕರೆಯುವುದು?

ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕ ಫ್ರೆಡರಿಕ್ ವೈಸ್‌ಮನ್ ಅವರ ಚಿತ್ರಗಳಲ್ಲಿ ನಿರೂಪಣೆಯ ಒಂದು ಸಾಲೂ ಇಲ್ಲ, ಸಂದರ್ಶನವೂ ಇಲ್ಲ. ಆದರೂ ಅವುಗಳಿಗೆ ಗಟ್ಟಿಯಾದ ವಾದವೊಂದಿದೆ. ಆ ವಾದ ರೂಪುಗೊಂಡಿರುವುದು ಯಾವ ದೃಶ್ಯದ ಬೆನ್ನಿಗೆ ಯಾವುದು ಬರಬೇಕೆಂಬ ಆಯ್ಕೆಯಲ್ಲಿ. ಇನ್ನೊಂದು ತುದಿಯಲ್ಲಿ, 1990ರಲ್ಲಿ ಅಮೆರಿಕದ ಪಿಬಿಎಸ್ ವಾಹಿನಿಯಲ್ಲಿ ಪ್ರಸಾರವಾದ ಕೆನ್ ಬರ್ನ್ಸ್ ಅವರ ‘ದಿ ಸಿವಿಲ್ ವಾರ್’ ಸರಣಿಯಿದೆ. ಆ ಯುದ್ಧ ನಡೆದದ್ದು 1861ರಿಂದ 1865ರವರೆಗೆ. ಚಲನಚಿತ್ರದ ಕ್ಯಾಮೆರಾ ಆಗಿನ್ನೂ ಹುಟ್ಟಿರಲಿಲ್ಲ. ಹಳೆಯ ಛಾಯಾಚಿತ್ರಗಳು, ಸೈನಿಕರ ಪತ್ರಗಳು, ದಿನಚರಿಗಳು ಇಷ್ಟನ್ನೇ ನೆಚ್ಚಿಕೊಂಡು ಒಂಬತ್ತು ಕಂತುಗಳನ್ನು ಕಟ್ಟಬೇಕಾಗಿದ್ದರಿಂದ ಅಲ್ಲಿ ಬರವಣಿಗೆಗೆ ಹೆಚ್ಚಿನ ಭಾರ ಬಿತ್ತು. ಈ ಎರಡು ತುದಿಗಳ ನಡುವೆ ಎಲ್ಲೋ ಒಂದು ಕಡೆ ಹೆಚ್ಚಿನ ಸಂಕಲನಕಾರ-ಲೇಖಕರು ಕೆಲಸ ಮಾಡುತ್ತಾರೆ.

ಹೆಸರಿನ ವಿಷಯಕ್ಕೆ ಬಂದರೆ, ನನಗೆ ಅನಿಸುವ ಮಟ್ಟಿಗೆ ಈ ವೃತ್ತಿಯವರಿಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಸೋವಿಯತ್ ನಿರ್ದೇಶಕ ಜಿಗಾ ವೆರ್ತೋವ್ ಅವರ 1929ರ ಪ್ರಸಿದ್ಧ ಮೂಕಿ ಸಾಕ್ಷ್ಯಚಿತ್ರ ‘ಮ್ಯಾನ್ ವಿತ್ ಎ ಮೂವಿ ಕ್ಯಾಮೆರಾ’ವನ್ನು ಸಂಕಲಿಸಿದವರು ಅವರ ಪತ್ನಿ ಎಲಿಜಾವೆತಾ ಸ್ವಿಲೋವಾ. ಅದೇ ಚಿತ್ರದಲ್ಲಿ ಆಕೆ ಮೇಜಿನ ಮುಂದೆ ಕುಳಿತು ಫಿಲ್ಮ್ ಸುರುಳಿಗಳನ್ನು ಪರಿಶೀಲಿಸುವುದು ಕಾಣುತ್ತದೆ. ನಿಶ್ಚಲವಾಗಿದ್ದ ಮಗುವಿನ ಮುಖವೊಂದು ಆಕೆಯ ಕೈ ದಾಟಿದ ಮೇಲೆ ಜೀವ ತಳೆದು ನಗುತ್ತದೆ. ಚರಿತ್ರೆಯ ಪುಸ್ತಕಗಳು ಬಹುಕಾಲ ವೆರ್ತೋವ್ ಹೆಸರನ್ನಷ್ಟೇ ಹೇಳಿದವು. ಇದಕ್ಕೆ ಗೌರವದ ಅಪವಾದವೆಂದರೆ ಷಾರ್ಲಟ್ ಜ್ವೆರಿನ್: ಅಮೆರಿಕದ ಸಾಕ್ಷ್ಯಚಿತ್ರ ನಿರ್ದೇಶಕರಾದ ಮೇಯ್ಸಲ್ಸ್ ಸಹೋದರರು 1969ರ ‘ಸೇಲ್ಸ್‌ಮನ್’ ಚಿತ್ರದಲ್ಲಿ ತಮ್ಮ ಸಂಕಲನಕಾರ್ತಿಯ ಹೆಸರನ್ನು ನಿರ್ದೇಶಕರ ಸಾಲಿನಲ್ಲಿಯೇ ಸೇರಿಸಿದರು.

ಪ್ರಶ್ನೆ: ಒಂದು ಗಂಟೆಯ ಕಾರ್ಯಕ್ರಮದ ಸಂಕಲನಕ್ಕೆ ವಾರಗಟ್ಟಲೆ ಬೇಕೆಂದು ಕೇಳಿದ್ದೇನೆ. ಅಷ್ಟು ದಿನ ಮಾಡುವುದೇನು?

ಉತ್ತರ: ಮೊದಲು ನೋಡುವುದು. ಒಂದು ಗಂಟೆಯ ಕಾರ್ಯಕ್ರಮಕ್ಕೆ ಐವತ್ತು ಗಂಟೆಯ ಚಿತ್ರೀಕರಣ ಬರುವುದು ಸಾಮಾನ್ಯ. ಜನರ ಬೆನ್ನುಹತ್ತಿ ತಿಂಗಳುಗಟ್ಟಲೆ ಚಿತ್ರೀಕರಿಸಿದ್ದಾದರೆ ಅದು ಇನ್ನೂರು ಗಂಟೆಯನ್ನೂ ದಾಟಬಹುದು. ಸಂದರ್ಶನಗಳೆಲ್ಲವನ್ನೂ ಅಕ್ಷರಕ್ಕಿಳಿಸಿ, ಪ್ರತಿ ಮಾತಿನ ಪಕ್ಕದಲ್ಲಿ ಅದು ಬರುವ ಟೈಮ್‌ಕೋಡ್, ಅಂದರೆ ತುಣುಕಿನಲ್ಲಿ ಅದು ಬರುವ ನಿಖರ ಸಮಯವನ್ನು ನಮೂದಿಸಿರುತ್ತಾರೆ. ಆ ಕಾಗದಗಳ ಮೇಲೆ ಗೆರೆ ಎಳೆದು, ಮಾತುಗಳನ್ನು ಜೋಡಿಸಿ ನೋಡುವುದಕ್ಕೆ ‘ಪೇಪರ್ ಎಡಿಟ್’ ಎನ್ನುತ್ತಾರೆ. ಕಾಗದದ ಮೇಲೆ ಸೊಗಸಾಗಿ ಓದಿಸಿಕೊಂಡದ್ದು ಪರದೆಯ ಮೇಲೆ ಸಪ್ಪೆಯಾಗುವುದುಂಟು, ಏಕೆಂದರೆ ಮಾತನಾಡಿದವರ ದನಿ, ತಡವರಿಕೆ, ನೋಟ ಯಾವುದೂ ಕಾಗದಕ್ಕೆ ಇಳಿದಿರುವುದಿಲ್ಲ. ಆದ್ದರಿಂದ ಅನುಭವಿಗಳು ಬರಹವನ್ನು ನಂಬುವುದಕ್ಕೆ ಮುನ್ನ ದೃಶ್ಯವನ್ನು ಒಮ್ಮೆಯಾದರೂ ಪೂರ್ತಿಯಾಗಿ ನೋಡುತ್ತಾರೆ, ನೋಡುವಾಗ ತಮಗೆ ನಗು ಬಂದ ಕಡೆ, ಬೇಸರವಾದ ಕಡೆ ಗುರುತು ಹಾಕಿಕೊಳ್ಳುತ್ತಾರೆ. ಮೊದಲ ನೋಟದ ಆ ಗುರುತುಗಳಿಗೆ ತುಂಬ ಬೆಲೆಯಿದೆ. ಹತ್ತನೆಯ ಬಾರಿ ನೋಡುವಾಗ ಯಾವುದು ನಗಿಸಿತ್ತೆಂಬುದು ಮರೆತುಹೋಗಿರುತ್ತದೆ.

ಅನಂತರ ಒಟ್ಟು ಜೋಡಣೆ, ‘ರಫ್ ಕಟ್’ ಎಂಬ ಕಚ್ಚಾ ರೂಪ, ‘ಫೈನ್ ಕಟ್’ ಎಂಬ ತಿದ್ದಿದ ರೂಪ, ಕೊನೆಗೆ ಇನ್ನು ಒಂದು ಫ್ರೇಮ್ ಕೂಡ ಅಲುಗಾಡಿಸುವಂತಿಲ್ಲ ಎನ್ನುವ ‘ಪಿಕ್ಚರ್ ಲಾಕ್’. ಪ್ರತಿ ಹಂತದಲ್ಲಿಯೂ ನಿರ್ಮಾಪಕರು ಮತ್ತು ವಾಹಿನಿಯವರು ನೋಡಿ ಟಿಪ್ಪಣಿ ಕೊಡುತ್ತಾರೆ. ಒಂದು ಗಂಟೆಯ ಸಾಮಾನ್ಯ ಕಾರ್ಯಕ್ರಮಕ್ಕೆ ಆರರಿಂದ ಹತ್ತು ವಾರ ವಾಡಿಕೆಯಾದರೆ, ಚಿತ್ರಮಂದಿರದ ಉದ್ದದ ಸಾಕ್ಷ್ಯಚಿತ್ರಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಬಣ್ಣ ತಿದ್ದುವುದು, ಧ್ವನಿ ಮಿಶ್ರಣ ಇವು ಬೇರೆ ಪರಿಣತರ ಕೆಲಸ. ಅವರ ಪಕ್ಕದಲ್ಲಿ ಕುಳಿತಿರಬೇಕಾದ ದಿನಗಳೂ ಇವೆ.

ಪ್ರಶ್ನೆ: ನಿರೂಪಣೆ ಬರೆಯುವುದಕ್ಕೂ ಪತ್ರಿಕೆಗೆ ಲೇಖನ ಬರೆಯುವುದಕ್ಕೂ ಏನು ವ್ಯತ್ಯಾಸ? ನಾನು ಹವ್ಯಾಸಿ ಪತ್ರಕರ್ತೆ. ನನ್ನ ನಿರೂಪಣೆಯನ್ನು ಓದಿದವರೆಲ್ಲ ‘ಮಾತು ಹೆಚ್ಚಾಯಿತು’ ಎನ್ನುತ್ತಾರೆ.

ಉತ್ತರ: ಅವರು ಹೇಳಿದ್ದು ಬಹುಶಃ ಸರಿ. ಲೇಖನದಲ್ಲಿ ಪದಗಳೇ ಎಲ್ಲವನ್ನೂ ಹೊರಬೇಕು. ನಿರೂಪಣೆಯಲ್ಲಿ ಚಿತ್ರ ಹೊರಲಾರದ ಭಾರವನ್ನಷ್ಟೇ ಪದಗಳಿಗೆ ವಹಿಸಬೇಕು. ಒಂದು ದೃಶ್ಯವನ್ನು ಊಹಿಸಿಕೊಳ್ಳಿ. ಶಸ್ತ್ರಚಿಕಿತ್ಸೆ ಮುಗಿಸಿದ ವೈದ್ಯೆ ನಲ್ಲಿಯ ಕೆಳಗೆ ಕೈ ತೊಳೆಯುತ್ತಿದ್ದಾರೆ. ಮುಖ ಬಾಡಿದೆ, ತಲೆ ಎತ್ತುವುದಿಲ್ಲ. ಹೊಸಬರು ಬರೆಯುವುದು ಹೀಗೆ: ‘ದೀರ್ಘ ಶಸ್ತ್ರಚಿಕಿತ್ಸೆಯ ನಂತರ ದಣಿದ ವೈದ್ಯೆ ಕೈ ತೊಳೆಯುತ್ತಿದ್ದಾರೆ.’ ಕೈ ತೊಳೆಯುವುದು ಕಾಣುತ್ತಿದೆ, ದಣಿವೂ ಕಾಣುತ್ತಿದೆ. ವಾಕ್ಯ ನಮಗೆ ಕೊಟ್ಟದ್ದು ಏನೂ ಇಲ್ಲ. ಇದರ ಬದಲಿಗೆ, ಸಂಗತಿ ನಿಜವೆಂದು ಖಚಿತವಿದ್ದರೆ, ‘ಹೊರಗೆ ಕಾಯುತ್ತಿರುವವರಿಗೆ ಇನ್ನೂ ವಿಷಯ ತಿಳಿದಿಲ್ಲ’ ಎಂದು ಬರೆದು ನೋಡಿ. ಚಿತ್ರ ಅದೇ, ನೀರು ಅದೇ. ಆದರೆ ಈಗ ಆಕೆ ಏಕೆ ಇಷ್ಟು ಹೊತ್ತು ಕೈ ತೊಳೆಯುತ್ತಿದ್ದಾರೆ ಎಂದು ಪ್ರೇಕ್ಷಕರು ಯೋಚಿಸತೊಡಗುತ್ತಾರೆ. ಆ ಸಾಲು ನಲ್ಲಿ ನಿಲ್ಲುವುದಕ್ಕೆ ಎರಡು ಮೂರು ಸೆಕೆಂಡು ಮೊದಲೇ ಮುಗಿಯಬೇಕು, ನಲ್ಲಿ ತಿರುಗಿಸುವ ಸದ್ದು ಮಾತಿನ ಅಡಿಯಲ್ಲಿ ಹೂತುಹೋಗಬಾರದು. ಪದಗಳನ್ನು ಬರೆದವರು ಮತ್ತು ದೃಶ್ಯವನ್ನು ಕತ್ತರಿಸಿದವರು ಒಬ್ಬರೇ ಆಗಿದ್ದರೆ ಇಂಥ ಹೊಂದಾಣಿಕೆ ಸುಲಭವಾಗಿ ಆಗುತ್ತದೆ. ವಾಕ್ಯವನ್ನು ಚಿಕ್ಕದು ಮಾಡಬೇಕೋ, ದೃಶ್ಯವನ್ನು ಉದ್ದ ಮಾಡಬೇಕೋ ಎಂದು ಯಾರ ಅಪ್ಪಣೆಗೂ ಕಾಯದೆ ಎರಡನ್ನೂ ಮಾಡಿ ನೋಡಬಹುದು.

ಲೆಕ್ಕವೂ ಇದೆ. ಇಂಗ್ಲಿಷಿನಲ್ಲಿ ನಿರೂಪಕರು ನೆಮ್ಮದಿಯಾಗಿ ಓದಿದರೆ ಸೆಕೆಂಡಿಗೆ ಎರಡೂವರೆಯಿಂದ ಮೂರು ಪದ. ಹತ್ತು ಸೆಕೆಂಡಿನ ದೃಶ್ಯಕ್ಕೆ ಇಪ್ಪತ್ತೈದು ಪದಗಳಾದರೆ ಅದು ಕಂಠಪೂರ್ತಿ ತುಂಬಿದಂತೆ. ಹದಿನೈದು ಪದಗಳಿದ್ದರೆ ಉಸಿರಾಡಲು ಎಡೆಯಿರುತ್ತದೆ. ದೊಡ್ಡ ಕವಿಗಳಿಗೂ ಇದರಿಂದ ವಿನಾಯಿತಿ ಸಿಗಲಿಲ್ಲ. ಟಪಾಲು ರೈಲನ್ನು ಕುರಿತ 1936ರ ಬ್ರಿಟಿಷ್ ಸಾಕ್ಷ್ಯಚಿತ್ರ ‘ನೈಟ್ ಮೇಲ್’ಗಾಗಿ ಡಬ್ಲ್ಯು. ಎಚ್. ಆಡೆನ್ ಪದ್ಯ ಬರೆದಾಗ, ಚಿತ್ರದ ವೇಗಕ್ಕೆ ಹೊಂದದ ಸಾಲುಗಳೆಲ್ಲ ಸಂಕಲನದಲ್ಲಿ ಬಿದ್ದುಹೋದವು.

ಮಿತವಾದ ಮಾತು ಎಷ್ಟು ದೂರ ಹೋಗಬಲ್ಲದೆಂದು ತಿಳಿಯಬೇಕಾದರೆ, ಬ್ರಿಟನ್ನಿನ ಥೇಮ್ಸ್ ಟೆಲಿವಿಷನ್ 1973ರಲ್ಲಿ ಪ್ರಸಾರ ಆರಂಭಿಸಿದ, ಎರಡನೆಯ ಮಹಾಯುದ್ಧವನ್ನು ಕುರಿತ 26 ಕಂತುಗಳ ‘ದಿ ವರ್ಲ್ಡ್ ಅಟ್ ವಾರ್’ ಸರಣಿಯ ಮೊದಲ ಕೆಲವು ನಿಮಿಷಗಳನ್ನು ನೋಡಿ. ಆಕಾಶದಿಂದ ಒಂದು ಪಾಳುಬಿದ್ದ ಊರು ಕಾಣುತ್ತದೆ. ನಿರೂಪಕರಾದ ನಟ ಲಾರೆನ್ಸ್ ಒಲಿವಿಯೆ ಅವರ ದನಿ, 1944ರ ಬೇಸಿಗೆಯ ಒಂದು ದಿನ ಇದೇ ದಾರಿಯಲ್ಲಿ ಸೈನಿಕರು ಬಂದರೆಂದು ಹೇಳುತ್ತದೆ. ಈಗ ಇಲ್ಲಿ ಯಾರೂ ವಾಸವಿಲ್ಲ ಎನ್ನುತ್ತದೆ. ಅದು ಫ್ರಾನ್ಸಿನ ಒರಾದೂರ್-ಸುರ್-ಗ್ಲಾನ್. ಆ ದಿನ ಜರ್ಮನ್ ಸೈನಿಕರು ಅಲ್ಲಿ ಆರು ನೂರಕ್ಕೂ ಹೆಚ್ಚು ಜನರನ್ನು ಕೊಂದಿದ್ದರು. ಬರೆದವರು ಊರಿನ ಹೆಸರನ್ನು ಮೊದಲ ವಾಕ್ಯದಲ್ಲಿ ಹೇಳುವುದಿಲ್ಲ, ‘ಭೀಕರ’ ಎಂಬಂಥ ವಿಶೇಷಣಗಳ ಗೋಜಿಗೂ ಹೋಗುವುದಿಲ್ಲ. ಛಾವಣಿಯಿಲ್ಲದ ಗೋಡೆಗಳು ಅದನ್ನು ಆಗಲೇ ಹೇಳುತ್ತಿವೆ. ನಿಮ್ಮ ನಿರೂಪಣೆಯಲ್ಲಿ ಗುಣವಾಚಕಗಳೆಷ್ಟಿವೆ ಎಂದು ಒಮ್ಮೆ ಎಣಿಸಿ ನೋಡಿ. ಅರ್ಧಕ್ಕೆ ಇಳಿಸಿದರೆ ‘ಮಾತು ಹೆಚ್ಚಾಯಿತು’ ಎನ್ನುವವರ ಸಂಖ್ಯೆಯೂ ಇಳಿದೀತು.

ಪ್ರಶ್ನೆ: ಯಾವ ತಂತ್ರಾಂಶ ಕಲಿಯಬೇಕು?

ಉತ್ತರ: ವಾಹಿನಿಗಳ ಕೆಲಸದಲ್ಲಿ ಆವಿಡ್ ಇನ್ನೂ ಹೆಚ್ಚಾಗಿ ಬಳಕೆಯಲ್ಲಿದೆ, ಪ್ರೀಮಿಯರ್ ಮತ್ತು ಡಾವಿಂಚಿ ರಿಸಾಲ್ವ್ ಕೂಡ ಚಾಲ್ತಿಯಲ್ಲಿವೆ. ಒಂದನ್ನು ಚೆನ್ನಾಗಿ ಕಲಿತವರು ಇನ್ನೊಂದಕ್ಕೆ ಬೇಗ ಹೊಂದಿಕೊಳ್ಳುತ್ತಾರೆ. 1989ರಲ್ಲಿ ಆವಿಡ್ ಬರುವ ಮೊದಲು ಸ್ಟೀನ್‌ಬೆಕ್ ಮೇಜಿನ ಮೇಲೆ ಫಿಲ್ಮನ್ನು ಕೈಯಾರೆ ಕತ್ತರಿಸಿ ಅಂಟಿಸುತ್ತಿದ್ದವರು ಹೊಸ ಯಂತ್ರಕ್ಕೆ ಬದಲಾದರು, ಅವರ ತೀರ್ಮಾನ ಶಕ್ತಿ ಹಾಗೆಯೇ ಉಳಿಯಿತು. ಮಾತನ್ನು ತಾನಾಗಿ ಅಕ್ಷರಕ್ಕಿಳಿಸುವ ಈಗಿನ ಸಾಧನಗಳು ಸಹಾಯಕರ ಶ್ರಮವನ್ನು ಬಹಳ ಉಳಿಸಿವೆ. ಯಂತ್ರವೇ ಸಂಕಲನವನ್ನೂ ಮಾಡಿಬಿಡುತ್ತದೆಯೇ ಎಂದು ಕೇಳಿದವರಿಗೆ ನನ್ನ ಉತ್ತರ: ಅಚ್ಚುಕಟ್ಟಾದ ಸಾರಾಂಶ ಮಾಡಿಕೊಡುತ್ತದೆ, ಸಂದರ್ಶನ ಮುಗಿಯಿತೆಂದು ತಿಳಿದು ವ್ಯಕ್ತಿ ಮೈಕ್ ತೆಗೆಯುವಾಗಿನ ಮುಖಭಾವವೇ ಇಡೀ ಚಿತ್ರದ ಕೀಲಿಯೆಂದು ಗುರುತಿಸುವ ಜವಾಬ್ದಾರಿ ಸದ್ಯಕ್ಕಂತೂ ಮನುಷ್ಯರದೇ.

ಪ್ರಶ್ನೆ: ‘ಅಂತರರಾಷ್ಟ್ರೀಯ’ ಎಂಬ ವಿಶೇಷಣದಿಂದ ಕೆಲಸದಲ್ಲಿ ಏನು ಬದಲಾಗುತ್ತದೆ?

ಉತ್ತರ: ಒಂದೇ ಚಿತ್ರ ಹಲವು ದೇಶಗಳ ಹಣದಿಂದ ತಯಾರಾಗುತ್ತದೆ, ಹಾಗಾಗಿ ಹಲವು ಯಜಮಾನರಿಗೆ ಉತ್ತರ ಹೇಳಬೇಕಾಗುತ್ತದೆ. ಆಮ್‌ಸ್ಟರ್‌ಡಾಮ್‌ನಲ್ಲಿ 1988ರಿಂದ ನಡೆಯುತ್ತಿರುವ ಇಡ್‌ಫಾ ಸಾಕ್ಷ್ಯಚಿತ್ರ ಉತ್ಸವದಂಥ ಕಡೆ ನಿರ್ಮಾಪಕರು ತಮ್ಮ ಯೋಜನೆಯನ್ನು ಮಂಡಿಸುತ್ತಾರೆ. ಬೇರೆ ಬೇರೆ ವಾಹಿನಿಗಳ ಕಮಿಷನಿಂಗ್ ಎಡಿಟರ್‌ಗಳು ಒಪ್ಪಿದರೆ ಸಹನಿರ್ಮಾಣ ಕೂಡಿಬರುತ್ತದೆ. ಇವರೂ ‘ಎಡಿಟರ್’ಗಳೇ ಆದರೂ ಕತ್ತರಿ ಹಿಡಿಯುವವರಲ್ಲ, ಕಾರ್ಯಕ್ರಮ ಆರಿಸಿ ಹಣ ಮಂಜೂರು ಮಾಡುವವರು. ರಫ್ ಕಟ್ ನೋಡಿದ ಮೇಲೆ ಒಂದು ವಾಹಿನಿಯವರು ಹಿನ್ನೆಲೆ ವಿವರಣೆ ಸಾಲದು ಎಂದೂ, ಇನ್ನೊಂದರವರು ಪಾಠ ಹೇಳಿದಂತಾಯಿತು ಎಂದೂ ಒಂದೇ ದಿನ ಬರೆದು ಕಳಿಸುವುದು ಹೊಸದೇನಲ್ಲ. ಇಂಥ ಟಿಪ್ಪಣಿಗಳನ್ನು ಅಕ್ಷರಶಃ ಪಾಲಿಸಲು ಹೊರಟರೆ ಚಿತ್ರ ಕೆಡುತ್ತದೆ. ಇಬ್ಬರಿಗೂ ಎಡವಿದ ಜಾಗ ಒಂದೇ ಎಂಬುದನ್ನು ಗಮನಿಸಿ ಆ ಜಾಗವನ್ನು ಸರಿಪಡಿಸುವುದು ಬುದ್ಧಿವಂತಿಕೆ.

ಇನ್ನು ಅವಧಿಯ ತಾಪತ್ರಯ. ಉತ್ಸವಕ್ಕೂ ಚಿತ್ರಮಂದಿರಕ್ಕೂ 90 ನಿಮಿಷ, ವಾಹಿನಿಗಳ ಮಾರಾಟಕ್ಕೆ 52 ನಿಮಿಷ ಎಂಬ ರೂಢಿಯಿದೆ. 52 ಏಕೆಂದರೆ ಗಂಟೆಯ ಉಳಿದ ಭಾಗ ಜಾಹೀರಾತು ಮತ್ತು ಪ್ರಕಟಣೆಗಳ ಪಾಲು. ಹಾಗಾದರೆ ಬಿಡಬೇಕಾದ 38 ನಿಮಿಷಗಳು ಯಾವುವು? ಪ್ರತಿ ದೃಶ್ಯದಿಂದ ಚೂರುಚೂರು ಕಿತ್ತರೆ ಇಡೀ ಚಿತ್ರ ಏದುಸಿರು ಬಿಡುತ್ತದೆ. ಒಂದು ಉಪಕಥೆಯನ್ನೋ ಒಬ್ಬ ಪಾತ್ರಧಾರಿಯನ್ನೋ ಪೂರ್ತಿಯಾಗಿ ಕೈಬಿಟ್ಟು, ಉಳಿದ ದೃಶ್ಯಗಳಿಗೆ ಅವುಗಳ ಗತಿಯನ್ನು ಉಳಿಸಿಕೊಡುವುದು ಹೆಚ್ಚು ಗೌರವದ ದಾರಿ; ಆ ಜಾಗದಲ್ಲಿ ಉಂಟಾದ ಕಂದಕವನ್ನು ಎರಡು ಸಾಲಿನ ನಿರೂಪಣೆಯಿಂದ ದಾಟಿಸಬೇಕಾಗುತ್ತದೆ, ಆಗ ಸಂಕಲನಕಾರರೊಳಗಿನ ಲೇಖಕರು ಮತ್ತೆ ಕೆಲಸಕ್ಕೆ ಬರುತ್ತಾರೆ.

ಭಾಷೆಯ ಸಂಗತಿಯೂ ಇದೆ. ನಿರೂಪಣೆಯನ್ನು ಪ್ರತಿ ದೇಶದವರು ತಮ್ಮ ಭಾಷೆಯಲ್ಲಿ ಹೊಸದಾಗಿ ಧ್ವನಿಮುದ್ರಿಸಿಕೊಳ್ಳುತ್ತಾರೆ. ಅದಕ್ಕಾಗಿ ಸಂಗೀತ ಮತ್ತು ಪರಿಸರದ ಸದ್ದುಗಳನ್ನು ಮಾತಿನಿಂದ ಬೇರ್ಪಡಿಸಿದ ಧ್ವನಿಪಥ, ಮೇಲೆ ಅಕ್ಷರಗಳಿಲ್ಲದ ಚಿತ್ರಪ್ರತಿ, ಪ್ರತಿ ಸಾಲಿಗೂ ಟೈಮ್‌ಕೋಡ್ ಇರುವ ಅಂತಿಮ ಸ್ಕ್ರಿಪ್ಟ್ ಇವನ್ನು ಒಪ್ಪಿಸಬೇಕು. 1992ರಲ್ಲಿ ಪ್ರಸಾರ ಆರಂಭಿಸಿದ ಫ್ರೆಂಚ್-ಜರ್ಮನ್ ವಾಹಿನಿ ಆರ್ಟೆಗೆ ಒಂದೇ ಚಿತ್ರ ಎರಡೂ ಭಾಷೆಗಳಲ್ಲಿ ಬೇಕು. ಮೂಲದಲ್ಲಿ ಅಂಚಿನವರೆಗೆ ಪದ ತುಂಬಿಟ್ಟರೆ ಅನುವಾದಕರಿಗೆ ಜಾಗವೇ ಇರುವುದಿಲ್ಲ.

ಪ್ರಶ್ನೆ: ಕತ್ತರಿಸಿ ಜೋಡಿಸುವುದೇ ಸುಳ್ಳಲ್ಲವೇ? ನಿಮ್ಮ ವೃತ್ತಿಯವರು ಗೆರೆ ಎಲ್ಲಿ ಎಳೆಯುತ್ತಾರೆ?

ಉತ್ತರ: ಕತ್ತರಿಸುವುದು ಸುಳ್ಳಲ್ಲ, ಐವತ್ತು ಗಂಟೆಯನ್ನು ಯಾರೂ ಕುಳಿತು ನೋಡಲಾರರು. ಆದರೆ ಕ್ರಮವನ್ನು ಬದಲಿಸಿ ಅರ್ಥವನ್ನೇ ಬದಲಿಸುವುದು ಸುಳ್ಳು. 2007ರಲ್ಲಿ ಬ್ರಿಟನ್ನಿನ ರಾಣಿ ಎಲಿಜಬೆತ್ ಅವರನ್ನು ಕುರಿತ ಬಿಬಿಸಿ ಸಾಕ್ಷ್ಯಚಿತ್ರದ ಮುನ್ನೋಟವನ್ನು ಪತ್ರಕರ್ತರಿಗೆ ತೋರಿಸಲಾಯಿತು. ಛಾಯಾಗ್ರಾಹಕಿ ಆ್ಯನಿ ಲೀಬೊವಿಟ್ಜ್ ಅವರ ಸಲಹೆಯಿಂದ ಸಿಟ್ಟಿಗೆದ್ದು ರಾಣಿ ಹೊರನಡೆದರೆಂಬಂತೆ ಅದರಲ್ಲಿ ಕಾಣುತ್ತಿತ್ತು. ವಾಸ್ತವದಲ್ಲಿ ರಾಣಿ ಗೊಣಗುತ್ತ ನಡೆದದ್ದು ಚಿತ್ರ ತೆಗೆಸಿಕೊಳ್ಳಲು ಬರುತ್ತಿದ್ದಾಗ. ಎರಡು ತುಣುಕುಗಳು ಹಿಂದುಮುಂದಾಗಿ ಜೋಡಣೆಯಾಗಿದ್ದವು. ಬಿಬಿಸಿ ಕ್ಷಮೆ ಕೇಳಿತು, ತನಿಖೆ ನಡೆಯಿತು, ಬಿಬಿಸಿ ಒನ್ ವಾಹಿನಿಯ ಮುಖ್ಯಸ್ಥರು ರಾಜೀನಾಮೆ ಕೊಟ್ಟರು. ಒಂದೊಂದು ತುಣುಕೂ ನಿಜ, ಜೋಡಣೆ ಮಾತ್ರ ಸುಳ್ಳು.

ಅದಕ್ಕಿಂತ ಸೂಕ್ಷ್ಮವಾದದ್ದು ಧ್ರುವಪ್ರದೇಶಗಳನ್ನು ಕುರಿತ ಬಿಬಿಸಿಯ 2011ರ ‘ಫ್ರೋಜನ್ ಪ್ಲಾನೆಟ್’ ಸರಣಿಯ ಪ್ರಸಂಗ. ಹಿಮದ ಬಿಲದಲ್ಲಿ ಹಿಮಕರಡಿಯ ಮರಿಗಳನ್ನು ತೋರಿಸುವ ದೃಶ್ಯವನ್ನು ಯುರೋಪಿನ ಮೃಗಾಲಯವೊಂದರಲ್ಲಿ ಚಿತ್ರೀಕರಿಸಲಾಗಿತ್ತು. ನಿರೂಪಣೆಯಲ್ಲಿ ‘ಇದು ಆರ್ಕ್ಟಿಕ್‌ನ ಬಿಲ’ ಎಂಬ ವಾಕ್ಯವಿರಲಿಲ್ಲ. ಹಿಮದ ಅಡಿಯಲ್ಲಿ ಹೊಸ ಜೀವಗಳು ಮೊದಲಾಗುತ್ತಿವೆ ಎಂಬರ್ಥದ ಮಾತಿತ್ತು, ಅದು ಪ್ರಕೃತಿಯ ಸತ್ಯವೇ. ಆದರೆ ಅದರ ಹಿಂದೆ ಮುಂದೆ ಇದ್ದ ಆರ್ಕ್ಟಿಕ್ ದೃಶ್ಯಗಳು ಉಳಿದುದನ್ನು ಪ್ರೇಕ್ಷಕರ ಮನಸ್ಸಿನಲ್ಲಿ ಪೂರ್ತಿಮಾಡಿದವು. ನಿಸರ್ಗದಲ್ಲಿರುವ ಬಿಲಕ್ಕೆ ಕ್ಯಾಮೆರಾ ತೂರಿಸುವುದು ಕರಡಿಗೂ ಮರಿಗಳಿಗೂ ಅಪಾಯ ಎಂಬ ಸಮರ್ಥನೆಯನ್ನು ನಾನು ಒಪ್ಪುತ್ತೇನೆ. ಹೇಗೆ ಚಿತ್ರೀಕರಿಸಿದೆವೆಂದು ಜಾಲತಾಣದಲ್ಲಿ ಹೇಳಿದ್ದೇವೆಂಬ ಉತ್ತರ ಮಾತ್ರ ನನಗೆ ಸಮಾಧಾನ ಕೊಡಲಿಲ್ಲ. ಪ್ರತಿಯೊಂದು ವಾಕ್ಯವೂ ನಿಜವಾಗಿದ್ದು, ಒಟ್ಟಾರೆ ಅನಿಸಿಕೆ ತಪ್ಪಾಗುವಂತಿದ್ದರೆ, ಲೇಖಕರು ಇನ್ನೊಂದು ವಾಕ್ಯ ಬರೆಯುವುದಕ್ಕೆ ಬದ್ಧರು.

ದಿನನಿತ್ಯದ ಕೆಲಸದಲ್ಲಿ ಈ ಪ್ರಶ್ನೆ ಇನ್ನೂ ಸಣ್ಣ ಅಳತೆಯಲ್ಲಿ ಏಳುತ್ತದೆ. ಸಂದರ್ಶನದ ಎರಡು ವಾಕ್ಯಗಳ ನಡುವಿನ ‘ಆದರೆ’ಯನ್ನು ತೆಗೆದುಹಾಕಿ, ಮೇಲೆ ಬೇರೊಂದು ದೃಶ್ಯವನ್ನು ಹೊದಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮಾತು ಬಿಗಿಯಾಗುತ್ತದೆ, ಆಡಿದವರ ಸಂದೇಹ ಮಾಯವಾಗುತ್ತದೆ. ನನ್ನ ಅಳತೆಗೋಲು ಇದು: ಆ ವ್ಯಕ್ತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ತುಣುಕನ್ನು ತೋರಿಸುವ ಧೈರ್ಯ ನನಗಿದೆಯೇ?

ಪ್ರಶ್ನೆ: ಈ ವೃತ್ತಿಗೆ ಪ್ರವೇಶ ಹೇಗೆ? ಸಂಪಾದನೆ ಹೇಗಿರುತ್ತದೆ?

ಉತ್ತರ: ಬಹಳ ಮಂದಿ ಬರುವುದು ಸಹಾಯಕ ಸಂಕಲನಕಾರರಾಗಿ. ತುಣುಕುಗಳಿಗೆ ಹೆಸರು ಕೊಟ್ಟು ವಿಂಗಡಿಸುವುದು, ಚಿತ್ರ ಮತ್ತು ಧ್ವನಿಯನ್ನು ಸರಿಹೊಂದಿಸುವುದು, ಬ್ಯಾಕಪ್ ಕಾಯುವುದು, ಇಂಥ ಬೇಸರದ ಕೆಲಸದ ನಡುವೆಯೇ ಮಿಕ್ಕವರಿಗಿಂತ ಹೆಚ್ಚು ದೃಶ್ಯಗಳನ್ನು ನೋಡುವ ಅವಕಾಶ ಅವರಿಗೆ ಸಿಗುತ್ತದೆ. ಇನ್ನು ಕೆಲವರು ಸಂಶೋಧಕರಾಗಿ, ಪತ್ರಕರ್ತರಾಗಿ ಬಂದು ಬರವಣಿಗೆಯಿಂದ ಸಂಕಲನದ ಕಡೆಗೆ ಸರಿಯುತ್ತಾರೆ. ಬ್ರಿಟನ್ನಿನ ನ್ಯಾಷನಲ್ ಫಿಲ್ಮ್ ಅಂಡ್ ಟೆಲಿವಿಷನ್ ಸ್ಕೂಲ್, ಲಿಸ್ಬನ್-ಬುಡಾಪೆಸ್ಟ್-ಬ್ರಸೆಲ್ಸ್ ನಗರಗಳಲ್ಲಿ ಜಂಟಿಯಾಗಿ ನಡೆಯುವ ಡಾಕ್‌ನೊಮ್ಯಾಡ್ಸ್ ಸ್ನಾತಕೋತ್ತರ ಶಿಕ್ಷಣ ಇವು ಹೆಸರಾದ ದಾರಿಗಳು, ಪದವಿ ಕಡ್ಡಾಯವಲ್ಲ.

ಕಾಯಂ ನೌಕರಿ ವಿರಳ. ವಾರದ ಲೆಕ್ಕದಲ್ಲಿ ಒಪ್ಪಂದ, ಒಂದು ಚಿತ್ರ ಮುಗಿದು ಇನ್ನೊಂದು ಸಿಗುವವರೆಗೆ ಬಿಡುವು. ಬ್ರಿಟನ್ನಿನಲ್ಲಿ ಬೆಕ್ಟು, ಅಮೆರಿಕದಲ್ಲಿ ಮೋಷನ್ ಪಿಕ್ಚರ್ ಎಡಿಟರ್ಸ್ ಗಿಲ್ಡ್‌ನಂಥ ಸಂಘಗಳಿವೆ. ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅವರು ಹೇಳುವ ದರಗಳನ್ನು ನೋಡುವುದು ಒಳ್ಳೆಯದು. ನಿರೂಪಣೆಯನ್ನೂ ನೀವೇ ಬರೆಯುವುದಾದರೆ ಲೇಖಕರ ಸಂಭಾವನೆ ಮತ್ತು ಲೇಖಕರಾಗಿ ಹೆಸರು, ಇವೆರಡನ್ನೂ ಕೆಲಸಕ್ಕೆ ಮೊದಲೇ ಕಾಗದದ ಮೇಲೆ ತರಿಸಿಕೊಳ್ಳಿ. ಕೆಲಸ ಮುಗಿದ ಮೇಲೆ ಕೇಳಿದರೆ, ‘ನಾಲ್ಕು ಸಾಲು ಬರೆದದ್ದಕ್ಕೂ ಹೆಸರೇ?’ ಎಂಬ ಮಾತು ಕೇಳಬೇಕಾದೀತು. ಅಮೆರಿಕದ ಟೆಲಿವಿಷನ್ ಕ್ಷೇತ್ರದ ಎಮ್ಮಿ ಪ್ರಶಸ್ತಿಗಳಲ್ಲಿ ಕಾಲ್ಪನಿಕವಲ್ಲದ ಕಾರ್ಯಕ್ರಮಗಳ ಸಂಕಲನಕ್ಕೂ ಬರವಣಿಗೆಗೂ ಬೇರೆ ಬೇರೆ ವಿಭಾಗಗಳಿವೆ ಎಂಬುದನ್ನು ಅವರಿಗೆ ನೆನಪಿಸಬಹುದು.

ಪ್ರಶ್ನೆ: ಕೆಲಸ ಕೇಳುವಾಗ ಮಾದರಿಯಾಗಿ ಏನನ್ನು ಕಳುಹಿಸಬೇಕು? ನನ್ನ ಬಳಿ ನಾನು ಮಾಡಿದ ಕೆಲಸದ ತುಣುಕುಗಳನ್ನು ಜೋಡಿಸಿದ ಎರಡು ನಿಮಿಷದ ಶೋರೀಲ್ ಇದೆ.

ಉತ್ತರ: ಸಂಗೀತದ ತಾಳಕ್ಕೆ ಚಕಚಕನೆ ಚಿತ್ರ ಬದಲಾಗುವ ಶೋರೀಲ್ ಜಾಹೀರಾತು ಸಂಸ್ಥೆಗಳಿಗೆ ಸರಿ, ಸಾಕ್ಷ್ಯಚಿತ್ರದ ನಿರ್ಮಾಪಕರಿಗೆ ಅದರಿಂದ ತಿಳಿಯುವುದು ಕಡಿಮೆ. ಅದರ ಬದಲು ಐದಾರು ನಿಮಿಷದ, ನಡುವೆ ತುಂಡಾಗದ ಒಂದೇ ಪ್ರಸಂಗವನ್ನು ಕಳುಹಿಸಿ: ಅದರಲ್ಲಿ ಒಬ್ಬ ವ್ಯಕ್ತಿಯಿರಲಿ, ಏನೋ ಒಂದು ಬದಲಾಗಲಿ, ಎಲ್ಲಾದರೂ ಒಂದು ಕಡೆ ಸಂಗೀತವಿಲ್ಲದ ಮೌನವಿರಲಿ. ಜೊತೆಗೆ ಆ ಪ್ರಸಂಗದ ನಿರೂಪಣೆಯನ್ನು ಟೈಮ್‌ಕೋಡ್ ಸಮೇತ ಒಂದು ಪುಟದಲ್ಲಿ ಬರೆದು ಲಗತ್ತಿಸಿ. ಮೂಲ ತುಣುಕುಗಳು ಎಷ್ಟು ಗಂಟೆಯವಿದ್ದವು, ನೀವು ಬಿಟ್ಟ ಮುಖ್ಯ ಸಂಗತಿ ಯಾವುದು, ಏಕೆ ಬಿಟ್ಟಿರಿ ಎಂಬುದನ್ನು ಮೂರು ನಾಲ್ಕು ವಾಕ್ಯಗಳಲ್ಲಿ ತಿಳಿಸಿ. ಚಿತ್ರದಲ್ಲಿರುವವರ ಒಪ್ಪಿಗೆ ಪತ್ರ ಮತ್ತು ಬಳಸಿದ ಸಂಗೀತದ ಹಕ್ಕು ನಿಮ್ಮ ಬಳಿ ಇದೆಯೆಂದು ಕಳುಹಿಸುವ ಮುನ್ನ ಖಚಿತಪಡಿಸಿಕೊಳ್ಳಿ.